ಬಾದಶಹಾನ ಕರೆಂಟು ಬಟ್ಟೆ

ಬಣ್ಣದ ಬಾದಶಹಾ ಸುಳ್ಳು ಹೇಳುವ ಮನುಷ್ಯನಲ್ಲ. ಹೇಳುವುದೆಲ್ಲ ನಿಜವೇ, ಅಳತೆಯಲ್ಲಿ ಮಾತ್ರ ಕೈ ಸ್ವಲ್ಪ ಸಡಿಲ. ನಾಲ್ಕು ಹನಿ ಮಳೆ ಬಿದ್ದರೆ ಹಳ್ಳ ಬಂತು ಅನ್ನುತ್ತಾನೆ. ಜತ್ತದ ಬಜಾರದಲ್ಲಿ ಒಬ್ಬ ಸಲಾಮು ಹೇಳಿದರೆ ಬಜಾರವೇ ಎದ್ದು ನಿಂತಿತು ಅನ್ನುತ್ತಾನೆ. ಮರಾಠಿ ರಾಜ್ಯದ ಗಡಿಯಲ್ಲಿರುವ ಕನ್ನಡದ ಊರು ವಳಸಂಗದ ಜನ ಇದಕ್ಕೆ ಎಂದೋ ಹೊಂದಿಕೊಂಡಿದ್ದರು. ಅವನು ಹೇಳಿದ್ದನ್ನು ನಾಲ್ಕರಿಂದ ಭಾಗಿಸಿ ಕೇಳಿಸಿಕೊಳ್ಳುವುದು ಊರಿನ ರೂಢಿ. ಆದರೆ ಎರಡು ಸಾವಿರದ ಏಳನೇ ಇಸವಿಯ ಸಂಕ್ರಾಂತಿ ಮುಂದೆ ಊರು ಅದ್ಯಾಕೋ ಭಾಗಿಸುವುದನ್ನೇ ಮರೆತುಬಿಟ್ಟಿತು. ಆದದ್ದೆಲ್ಲ ಅದರಿಂದಲೇ ಆಯಿತು.

ಆ ಚಳಿಗಾಲದಲ್ಲಿ ಬಾದಶಹಾನ ಎದೆಯ ಮೇಲೆ ಒಂದು ಭಾರ ಕೂತಿತ್ತು. ಅಪ್ಪನ ಕಾಲದಲ್ಲಿ ಸೋನ್ಯಾಳ, ಸೊರಡಿಯಿಂದ ಸೀರೆ, ರುಮಾಲು ಗಂಟುಗಟ್ಟಲೆ ಬಣ್ಣಕ್ಕೆ ಬರುತ್ತಿದ್ದವು. ಈಗ ಎಲ್ಲವೂ ಗಿರಣಿಯಲ್ಲೇ ಬಣ್ಣ ಹಚ್ಚಿಕೊಂಡು ಬರುತ್ತವೆ. ಬಣ್ಣದ ಮನೆಯ ದೊಡ್ಡ ತಾಮ್ರದ ಹಂಡೆಯಲ್ಲಿ ಬೆಕ್ಕು ಮಲಗುತ್ತಿತ್ತು. ಹೆಂಡತಿ ಸೈರಾಬಾನು ನೋಡುವಷ್ಟು ನೋಡಿ, ಕೊನೆಗೆ ಎಂದಿನಂತೆ ಮಗಳ ಹೆಸರು ಹಿಡಿದು ಗಂಡನನ್ನು ಕರೆದು ತೀರ್ಪು ಕೊಟ್ಟಳು.

"ಶಬನಮನ ಅಬ್ಬಾ, ಬರೋ ಶುಕ್ರವಾರ ಸೊರಡಿ ದುಂಡಪ್ಪ ಬರ್ತಾನ. ಮದವಿ ಅಡಗಿ ಮಾಡಾಂವಗ ದೊಡ್ಡ ಹಂಡೆ ಬೇಕಾಗೇತಂತ. ಕೊಟ್ಟುಬಿಡೂಣು. ನೀವು ಜತ್ತದಾಗ ನಮ್ಮ ತಮ್ಮ ಫಯಾಜನ ಸಿಮೆಂಟ ಅಂಗಡ್ಯಾಗ ಕುಂದರ್ರಿ."

"ನಾನು? ಸಿಮೆಂಟಿನ್ಯಾಗ?"

"ಸಿಮೆಂಟಿನ್ಯಾಗಲ್ಲ, ಕುರ್ಚಿ ಮ್ಯಾಲ."

ಬಾದಶಹಾ ಎದ್ದು ಹಂಡೆಯ ಹತ್ತಿರ ಹೋಗಿ ನಿಂತ. ಆ ಹಂಡೆ ಹೋದರೆ ತಾನು ಬಣ್ಣದ ಬಾದಶಹಾ ಅಲ್ಲ, ಫಯಾಜನ ಭಾವ, ಅಷ್ಟೇ. ಮೂವತ್ತು ವರ್ಷ ಕೆಂಪು, ಹಸಿರು, ನೀಲಿ ಕಂಡ ಕೈಗೆ ಇನ್ನು ಮುಂದೆ ಬೂದಿ ಬಣ್ಣ ಒಂದೇ. ಯೋಚಿಸಿದಷ್ಟೂ ಅವನಿಗೆ ಅಳು ಬರುತ್ತಿತ್ತು.

ಅಂಥ ಹೊತ್ತಿನಲ್ಲಿ, ಶನಿವಾರ, ಅವನ ಅಕ್ಕನ ಮಗ ಸಲೀಮ ಕೊಲ್ಹಾಪುರದಿಂದ ಎರಡು ಪ್ಲಾಸ್ಟಿಕ್ ಕ್ಯಾನು ಹಿಡಿದುಕೊಂಡು ಬಂದ. ಸಲೀಮ ಅಲ್ಲಿ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ. ಮೂರು ವರ್ಷದಿಂದ ಮಾಡುತ್ತಲೇ ಇದ್ದ.

"ಮಾಮೂ, ಹತ್ತಿ ಬಟ್ಟಿಯೊಳಗ ಕರೆಂಟ ಹರಿಯೂದಿಲ್ಲ. ಖರೆ ಹೌದಲ್ಲ?"

"ಹರದ್ರ ನಾವೆಲ್ಲಾ ಎಂದೋ ಸಾಯತಿದ್ವಿ."

"ಆದ್ರ ಕರೆಂಟ ಹರಿಯಾಕ ಬಿಡೂವಂಥ ಒಂದು ಜಾತಿ ಪ್ಲಾಸ್ಟಿಕ್ ಐತಿ. ಅದನ್ನ ಹತ್ತಿ ಎಳಿ ಮ್ಯಾಲ, ಒಂದೊಂದು ಎಳಿಗೂ ಅಂಗಿ ತೊಡಿಸಿದ್ಹಾಂಗ ಕೂಡಸ್ತೀವಿ. ಆವಾಗ ಬಟ್ಟಿ ಬಟ್ಟಿನ ಇರ್ತೈತಿ, ತಂತಿ ಕೆಲಸಾನೂ ಮಾಡ್ತೈತಿ. ನಾಳೆ ದವಾಖಾನ್ಯಾಗ ಎದಿ ಬಡತಾ ನೋಡೋ ಬನಿಯನ್ ಬರ್ತಾವು, ಥಂಡ್ಯಾಗ ತಾನ ಬೆಚ್ಚಗಾಗೋ ಕೋಟು ಬರ್ತಾವು. ನಾವು ಲ್ಯಾಬಿನ್ಯಾಗ ಅಂಗೈ ಅಗಲದ ತುಂಡು ಮಾಡೀವಿ. ದೊಡ್ಡದು ಮಾಡಾಕ ಹೋದ್ರ ಕಲಿ ಕಲಿ ಬೀಳ್ತೈತಿ. ನಮ್ಮ ಮೇಡಮ್ಮರು ಅಂದ್ರು, ಯಾರರೆ ಹಳೇ ಬಣ್ಣಗಾರನ್ನ ಹಿಡಿ ಅಂತ."

ಬಾದಶಹಾನಿಗೆ ಕೊನೆಯ ಮಾತೊಂದೇ ಕೇಳಿಸಿತು. ಕೊಲ್ಹಾಪುರದ ಅಷ್ಟು ದೊಡ್ಡ ಮೇಡಮ್ಮರು ತನ್ನನ್ನು ಕರೆಸಿದ್ದಾರೆ.

ಭಾನುವಾರ ಕೆಲಸ ನಡೆಯಿತು. ನಾಲ್ಕು ಮೀಟರು ಬಿಳಿ ಮಗ್ಗದ ಬಟ್ಟೆ. ಬಾದಶಹಾ ಬೆಳಿಗ್ಗೆಯೇ ಎದ್ದು ತನ್ನ ಪಾಡಿಗೆ ತಾನು ಬಟ್ಟೆಯ ಪೂರ್ವಸಿದ್ಧತೆ ಮುಗಿಸಿ ಕೂತಿದ್ದ. ಆಮೇಲೆ ಸಲೀಮ ಹೇಳಿದ್ದೆಲ್ಲ ಅವನಿಗೆ ಅಪಚಾರದಂತೆ ಕೇಳಿತು. ತಾಮ್ರ ಬೇಡ, ಪ್ಲಾಸ್ಟಿಕ್ ಟಬ್ಬು. ಬೆಂಕಿ ಬೇಡ, ಜತ್ತದಿಂದ ಗೋಣಿಯಲ್ಲಿ ತಂದ ಮಂಜುಗಡ್ಡೆ, ಬರ್ಫ.

"ಬರ್ಫದಾಗ ಬಣ್ಣಾ? ಇದೇನು ಲಸ್ಸಿ ಮಾಡಾಕತ್ತೀಯೇನೋ?"

ಆದರೆ ಒಂದು ಕ್ಯಾನಿನ ಎಣ್ಣೆಯಂಥ ರಸಾಯನ, ಇನ್ನೊಂದು ಕ್ಯಾನಿನ ಆ್ಯಸಿಡ್ಡು, ಒಂದು ಬಿಳಿ ಪುಡಿ ಸೇರಿದ ಮೇಲೆ ಬಟ್ಟೆ ಮೊದಲು ತಿಳಿ ನೀಲಿಯಾಯಿತು. ಆಮೇಲೆ ಕಣ್ಣೆದುರಿಗೇ ಹಸಿರಿಗೆ ತಿರುಗಿ, ಗಾಢವಾಗಿ, ಜೋಳದ ಎಲೆಯ ಬಣ್ಣಕ್ಕೆ ಬಂದು ನಿಂತಿತು. ರಬ್ಬರಿನ ಕೈಗವಸು ತೊಟ್ಟುಕೊಂಡು ಬಾದಶಹಾ ಮಗುವಿಗೆ ನೀರೆರೆಯುವ ಹಾಗೆ ಬಟ್ಟೆಯನ್ನು ಎತ್ತಿ ಎತ್ತಿ ಅದ್ದಿದ. ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ. ಒಣಗಿದ ಮೂಲೆಯೊಂದಕ್ಕೆ ಸಲೀಮ ಸಣ್ಣ ಬ್ಯಾಟರಿ, ಸಾಸಿವೆಯಂಥ ಕೆಂಪು ದೀಪ ಹಚ್ಚಿ ನೋಡಿದ. ತಂತಿಯ ಎರಡು ತುದಿಗಳ ನಡುವೆ ಬರೀ ಬಟ್ಟೆ. ದೀಪ ಹತ್ತಿತು.

"ಯಾ ಅಲ್ಲಾ!" ಅಂದ ಬಾದಶಹಾ.

ಸಂಜೆಯ ಬಸ್ಸಿಗೆ ಹೊರಡುವಾಗ ಸಲೀಮ ಬ್ಯಾಟರಿ, ದೀಪ ಮಾಮನ ಕೈಯಲ್ಲಿಟ್ಟು ಹೇಳಿದ: "ನೆರಳಾಗ ಒಣಗಲಿ ಮಾಮೂ. ಶುಕ್ರವಾರ ಮೇಡಮ್ಮರು ಹಬ್ಬಕ್ಕ ಅಥಣಿಗೆ ತವರಮನಿಗೆ ಹೋಗ್ತಾರ. ಹಾದಿಮ್ಯಾಲ ಇಳದು ನಿಮ್ಮ ಕೆಲಸ ನೋಡ್ತಾರ. ಚಲೋ ಅನಿಸಿದ್ರ ಎರಡು ವರ್ಷದ ಕೆಲಸ ನಿಮಗ ಬರ್ತೈತಿ. ಆದ್ರ ತೊಳಿಯೂದಿದ್ರ ಆ್ಯಸಿಡ್ ನೀರಾಗಷ್ಟ ತೊಳೀರಿ. ಬ್ಯಾರೆ ಏನೂ ಹಚ್ಚಬ್ಯಾಡ್ರಿ."

"ಹೂಂ ಹೂಂ," ಅಂದ ಬಾದಶಹಾ, ಹಿರಿಯರು ಹುಡುಗರಿಗೆ ಅನ್ನುವ ಹಾಗೆ.

ಸೋಮವಾರ ಬೆಳಿಗ್ಗೆ ಚಹಾದ ಹೋಟೆಲಿನಲ್ಲಿ ಅವನು ಬಾಯಿ ಬಿಟ್ಟ. ಆಗ ನಮ್ಮ ಕಡೆ ದಿನಕ್ಕೆ ಹನ್ನೆರಡು ತಾಸು ಲೋಡ್ ಶೆಡ್ಡಿಂಗು. ಕರೆಂಟು ಅನ್ನುವ ಶಬ್ದ ಕೇಳಿದರೆ ಮಲಗಿದ್ದವರೂ ಎದ್ದು ಕೂರುವ ಕಾಲ.

"ನನ್ನ ಬಟ್ಟ್ಯಾಗ ಕರೆಂಟ ಹರೀತೈತಿ," ಅಂದ ಬಾದಶಹಾ. ಇಷ್ಟು ನಿಜ. ಇಲ್ಲಿಗೇ ನಿಲ್ಲಿಸಬಹುದಿತ್ತು. "ಹಗಲೂ ರಾತ್ರಿ ಹರೀತೈತಿ," ಅಂತ ಸೇರಿಸಿದ.

ಪಕ್ಕದ ಮನೆಯ ಸೋಮನಿಂಗಪ್ಪ ಬಶಿಯನ್ನು ಕೆಳಗಿಟ್ಟ. ಅವನಿಗೆ ಸೋನ್ಯಾಳ ರಸ್ತೆಗೆ ನಾಲ್ಕು ಎಕರೆ ಕಡಲೆ, ಒಂದು ಬಾವಿ, ಬಾವಿಯ ಮೇಲೆ ಸದಾ ಸುಮ್ಮನಿರುವ ಒಂದು ಮೋಟಾರು.

"ಲೋಡ ಶೆಡ್ಡಿಂಗಿನ್ಯಾಗೂ?"

"ಬಟ್ಟಿಗೆ ಎಲ್ಲೀ ಲೋಡ ಶೆಡ್ಡಿಂಗೋ?"

ಇದೂ ನಿಜವೇ. ಸೋಮನಿಂಗಪ್ಪ ಒಂದು ಕ್ಷಣ ಯೋಚಿಸಿ, "ನನಗ ಹತ್ತು ಮೀಟರ ಕೊಡು. ಬಾವಿ ತನಕ ಮುಟ್ಟಬೇಕು," ಅಂದ.

ಮಧ್ಯಾಹ್ನದ ಹೊತ್ತಿಗೆ ಬಣ್ಣದ ಮನೆಯ ಮುಂದೆ ಪಾಳಿ ಹತ್ತಿತ್ತು. ಒಬ್ಬನಿಗೆ ಹಿಟ್ಟಿನ ಗಿರಣಿ ಓಡಿಸಬೇಕು. ಇನ್ನೊಬ್ಬನಿಗೆ ಟೀವಿ. ಸೋಮನಿಂಗಪ್ಪನ ಹೆಂಡತಿ ರುಕ್ಮವ್ವ ಮೊಣಕಾಲು ಚಾಚಿಕೊಂಡು ಕೂತಳು: "ಜತ್ತದ ಡಾಕ್ಟರ ಕರೆಂಟಿನ ಶೇಕಾ ಕೊಡ್ತಾನ. ನೀ ಒಂದು ಪಟ್ಟಿ ಸುತ್ತು. ಸಣ್ಣ ಕರೆಂಟ ಇರಲಿ ಮತ್ತ, ಮೋಟಾರಿಂದು ಬ್ಯಾಡ." ಬಾದಶಹಾ ಯಾರಿಗೂ ಇಲ್ಲ ಅನ್ನಲಿಲ್ಲ. ಇಲ್ಲ ಅಂದು ಅವನಿಗೆ ಅಭ್ಯಾಸವೇ ಇರಲಿಲ್ಲ. ಶುಕ್ರವಾರದ ತನಕ ತಡೀರಿ, ಕೊಲ್ಹಾಪುರದ ಸಾಹೇಬರ ಸಹಿ ಆಗಬೇಕು ಅಂದ.

ಮಂಗಳವಾರ ವೈರಮನ್ ವಿಠೋಬಾ ಸೈಕಲ್ಲು ತುಳಿದುಕೊಂಡು ಬಂದ. ಕಂಬಕ್ಕೆ ಆಕಡಾ ಹಾಕಿ ಕರೆಂಟು ಕದಿಯುವವರನ್ನು ಹಿಡಿಯುವುದು ಅವನ ಧರ್ಮ.

"ಬಾದಶಹಾ ಭಾಯ್, ಬಟ್ಟಿಗೆ ಕನೆಕ್ಷನ್ ಯಾವದು? ಮನಿದು ಘರಗುತಿಯೋ, ಹೊಲದ್ದು ಶೇತಿಯೋ?"

"ಎರಡೂ ಅಲ್ಲ."

"ಹಂಗಾರ ಆಕಡಾ."

"ಅಲ್ಲೋ ಮಾರಾಯಾ, ಕರೆಂಟ ಅದರಾಗ ಇಲ್ಲ. ಬಿಟ್ರ ಹರೀತೈತಿ."

"ಇಲ್ಲದ್ದು ಹ್ಯಾಂಗ ಹರೀತೈತಿ? ಮೀಟರ ಎಲ್ಲೈತಿ?"

ಬಾದಶಹಾ ಬಟ್ಟೆ ಅಳೆಯುವ ಮೀಟರಿನ ಕೋಲು ತಂದು ತೋರಿಸಿದ. ವಿಠೋಬಾ ಟೆಸ್ಟರನ್ನು ಬಟ್ಟೆಗೆ ಒತ್ತಿದ. ಹತ್ತಲಿಲ್ಲ. ಗೋಡೆಯ ಸ್ವಿಚ್ಚಿಗೆ ಒತ್ತಿದ. ಅಲ್ಲೂ ಹತ್ತಲಿಲ್ಲ, ಲೋಡ್ ಶೆಡ್ಡಿಂಗು. ಹೀಗಾಗಿ ಬಟ್ಟೆಯಲ್ಲಿರುವಷ್ಟು ಕರೆಂಟು ಸರಕಾರಿ ತಂತಿಯಲ್ಲೂ ಇದೆ ಅನ್ನುವುದು ಸಿದ್ಧವಾಯಿತು. ವಿಠೋಬಾ ತಲೆ ಕೆರೆದುಕೊಂಡು ಹೋದ.

ಬುಧವಾರ ಸರಪಂಚ ಅಣ್ಣಾರಾಯರು ಬಂದರು. ಹಾಲಿನಂಥ ಧೋತರ, ಹಿಂದೆ ಐದಾರು ಜನ. ಊರಿಗೆ ಅಪಾಯವೋ ಉಪಕಾರವೋ ಎಂಬುದನ್ನು ನಿರ್ಣಯಿಸಲು ಅವರು ಬಟ್ಟೆಯ ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ತಿಕ್ಕಿದರು. ಶಾಕು ಹೊಡೆಯಲಿಲ್ಲ. ಸಮಾಧಾನದಿಂದ ಕೈಯನ್ನು ತೊಡೆಗೆ ಒರೆಸಿಕೊಂಡರು. ಬಿಳಿ ಧೋತರದ ಮೇಲೆ ಐದು ಬೆರಳಿನ ಹಸಿರು ಗುರುತು ಮೂಡಿತು.

"ಬಾದಶಹಾ," ಅಂದರು ಅಣ್ಣಾರಾಯರು, "ಕರೆಂಟಿಂದು ಆಮ್ಯಾಲ ನೋಡೂಣು. ನಿನ್ನ ಬಣ್ಣ ಕಚ್ಚಾ ಐತಲ್ಲೋ!"

ಗುಂಪಿನಲ್ಲಿ ಯಾರೋ ನಕ್ಕರು.

ನೀವು ಬಾದಶಹಾನಿಗೆ ಕಳ್ಳ ಅನ್ನಿ, ನಗುತ್ತಾನೆ. ಬಡಾಯಿಕೋರ ಅನ್ನಿ, ಒಪ್ಪುತ್ತಾನೆ. ಆದರೆ ಮೂರು ತಲೆಮಾರಿನಲ್ಲಿ ಆ ಮನೆಯ ಬಣ್ಣ ಕಚ್ಚಾ ಅಂದವರಿರಲಿಲ್ಲ. ಅವನ ಅಪ್ಪ ಬಣ್ಣ ಹಾಕಿದ ರುಮಾಲು ಸುತ್ತಿಕೊಂಡು ಮಳೆಯಲ್ಲಿ ನೆನೆದವರ ಹಣೆಗೆ ಒಂದು ಗೆರೆ ಬಣ್ಣ ಇಳಿದದ್ದಿಲ್ಲ. ಬಾದಶಹಾನ ಕಿವಿ ಕಾದು ಕೆಂಪಾಯಿತು. ಶುಕ್ರವಾರ ಕೊಲ್ಹಾಪುರದವರೂ ಹೀಗೇ ತಿಕ್ಕಿ ನೋಡಿದರೆ? ಹಂಡೆಯ ಜೊತೆ ಮಾನವೂ ಹೋಯಿತು.

ಜನ ಹೋದದ್ದೇ ತಡ, ಅವನು ಹಂಡೆಗೆ ನೀರು ತುಂಬಿ ಒಲೆ ಹಚ್ಚಿದ. ಕಚ್ಚಾ ಬಣ್ಣವನ್ನು ಪಕ್ಕಾ ಮಾಡುವ ಉಪಾಯ ಬಣ್ಣಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಉಪ್ಪು, ಸೋಡಾ, ಬಿಸಿನೀರು. ಸಲೀಮ ಏನೋ ಹೇಳಿದ್ದ, ಹೌದು. ಆದರೆ ಸಲೀಮ ಬಣ್ಣ ಕಲಿತದ್ದು ಪುಸ್ತಕದಲ್ಲಿ. ಬಾದಶಹಾ ಬೊಗಸೆ ತುಂಬ ಸೋಡಾ ಸುರಿದು, ಬಿಸ್ಮಿಲ್ಲಾ ಅಂದು ಬಟ್ಟೆಯನ್ನು ಇಳಿಬಿಟ್ಟ.

ಬಟ್ಟೆ ನೀಲಿಯಾಯಿತು.

ಸ್ವಲ್ಪ ಸ್ವಲ್ಪವಾಗಿ ಅಲ್ಲ. ಶಾಯಿಯ ದೌತಿಯಲ್ಲಿ ಅದ್ದಿ ತೆಗೆದ ಹಾಗೆ. ಬಾದಶಹಾ ಕಣ್ಣುಜ್ಜಿಕೊಂಡ. ಹೊರಗೆಳೆದ, ತಣ್ಣೀರಿನಲ್ಲಿ ಜಾಲಿಸಿದ, ಮತ್ತೆ ಜಾಲಿಸಿದ, ಹಂಡೆಯ ನೀರನ್ನೆಲ್ಲ ಗಟಾರಕ್ಕೆ ಚೆಲ್ಲಿದ. ಬಿಸಿಲಿಗೆ ಹಿಡಿದು ಒಣಗಿಸಿ ಬ್ಯಾಟರಿ ಹಚ್ಚಿದ. ದೀಪ ಹತ್ತಲಿಲ್ಲ. ತಂತಿಗಳನ್ನು ಹತ್ತಿರ ಹತ್ತಿರ ತಂದ. ಇಲ್ಲ. ಬಾಗಿಲಿಗೆ ಬಂದು ಒಂದೇ ಸಮನೆ ಕೂಗಿದ:

"ಕರೆಂಟ ಹೋತು! ಕರೆಂಟ ಹೋತೂ!"

"ನಮ್ಮದೂ ಹೋಗೇತಿ," ಅಂದ ಆ ಕಡೆಯ ಅಂಗಳದಿಂದ ಸೋಮನಿಂಗಪ್ಪ. "ಎಂಟಕ್ಕ ಬರ್ತೈತಿ ಸುಮ್ನಿರು."

"ಲೈನಿಂದಲ್ಲೋ! ಬಟ್ಟ್ಯಾಂದು! ತೊಳದ್ನಿ, ನೀರಿನ ಕೂಡ ಎಲ್ಲಾ ಹೋತು!"

"ನೀರು ಎಲ್ಲಿ ಹೋತು?"

"ಗಟಾರಕ್ಕ!"

ಆ ಗಟಾರ ಸೋಮನಿಂಗಪ್ಪನ ಹಿತ್ತಲಿಗೇ ಹರಿಯುತ್ತದೆ, ಕಸ ಕಟ್ಟಿ ತಾಸುಗಟ್ಟಲೆ ತಡವಾಗಿ. ಅದೇ ಹೊತ್ತಿಗೆ ರುಕ್ಮವ್ವ ಅಲ್ಲಿ ಎಮ್ಮೆ ಹಿಂಡುತ್ತಿದ್ದಳು. ಎಮ್ಮೆಯ ಹಿಂಗಾಲು ಗಟಾರದ ಅಂಚಿನಲ್ಲಿತ್ತು. ನೀಲಿ ನೀರು ಬಂದು ಗೊರಸಿಗೆ ತಾಗಿತು. ಎಮ್ಮೆ ಒದೆಯಿತು, ಹಾಲಿನ ಚರಿಗೆ ಹಾರಿ ಗೋಡೆಗೆ ಬಡಿಯಿತು. ನಿಜ ಹೇಳಬೇಕೆಂದರೆ ಆ ಎಮ್ಮೆ ಹುಟ್ಟಿದಾಗಿನಿಂದ ಒದೆಯುತ್ತಿತ್ತು. ಆದರೆ ಅದಕ್ಕೊಂದು ಕಾರಣ ಸಿಕ್ಕದ್ದು ಅವತ್ತೇ.

"ಅಯ್ಯಯ್ಯವ್ವಾ! ನನ್ನ ಎಮ್ಮಿಗೆ ಕರೆಂಟ ಹೊಡೀತೂ!"

ರಾತ್ರಿ ಊಟದ ಹೊತ್ತಿಗೆ ಗಟಾರದ ಎರಡೂ ದಂಡೆಯ ಜನ ಕೋಳಿ, ಕುರಿ, ಮಕ್ಕಳನ್ನು ಒಳಗೆ ಸೇರಿಸಿ ಬಾಗಿಲು ಹಾಕಿಕೊಂಡಿದ್ದರು.

ಗುರುವಾರ ಬೆಳಿಗ್ಗೆ ಪಂಚನಾಮೆ ನಡೆಯಿತು. ಅಣ್ಣಾರಾಯರು ಕುರ್ಚಿ ಹಾಕಿಸಿಕೊಂಡು ಗಟಾರದಿಂದ ಹತ್ತು ಮಾರು ದೂರ ಕೂತರು. ವಿಠೋಬಾ ರಬ್ಬರಿನ ಬೂಟು ತೊಟ್ಟುಕೊಂಡು, ಮನೆಯವರಿಗೆ ಹೇಳಿಬಂದವನ ಮುಖ ಮಾಡಿಕೊಂಡು, ಟೆಸ್ಟರನ್ನು ಕೊಳಚೆಯಲ್ಲಿ ಅದ್ದಿದ. ಪಂಚಾಯತಿಯ ಕಾರಕೂನ ಮರಾಠಿಯಲ್ಲಿ ಬರೆದುಕೊಂಡ. ಅದರ ಸಾರಾಂಶ ಹೀಗಿದೆ: ಸದರಿ ಗಟಾರವು ಪೂರ್ವ ಪಶ್ಚಿಮವಾಗಿ ಹರಿಯುತ್ತಿದ್ದು, ನೀರಿನ ಬಣ್ಣವು ಸಂಶಯಾಸ್ಪದವಾಗಿರುತ್ತದೆ. ಟೆಸ್ಟರ ಅದ್ದಿ ನೋಡಲಾಗಿ ದೀಪ ಹತ್ತಿರುವುದಿಲ್ಲ. ಆದರೆ ತತ್ಸಮಯದಲ್ಲಿ ಲೋಡ್ ಶೆಡ್ಡಿಂಗ್ ಇದ್ದ ಕಾರಣ ಕರೆಂಟ್ ಇರುವುದಿಲ್ಲವೆಂದು ಖಾತ್ರಿಯಾಗಿ ಹೇಳಲು ಬರುವುದಿಲ್ಲ. ಎಮ್ಮೆಯ ಪ್ರಕೃತಿ ಚೆನ್ನಾಗಿರುತ್ತದೆ. ಕೆಳಗೆ ಐವರು ಪಂಚರ ಸಹಿ. ಅದರಲ್ಲಿ ಎರಡು ಹೆಬ್ಬೆಟ್ಟು.

ಬಾದಶಹಾ ಪಂಚನಾಮೆಯ ನಡುವೆಯೇ ಜಾರಿಕೊಂಡು ಜತ್ತದ ಬಸ್ಸು ಹತ್ತಿದ. ಎಸ್‌ಟಿಡಿ ಬೂತಿನಿಂದ ಸಲೀಮನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು, ಮೇಡಮ್ಮರನ್ನು ತಡೆಯಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ.

"ಮಾಮೂ! ಮೇಡಮ್ಮರು ಭಾಳ ಖುಷಿ ಅದಾರು," ಅಂತು ಆ ತುದಿಯ ದನಿ. "ನಾಕು ಮೀಟರ ಒಂದ ಸಮ ಬಂದೈತಿ ಅಂದ್ರ ನಂಬವಲ್ರು. ಇದು ಚಲೋ ಆದ್ರ ನನ್ನ ಪ್ರಬಂಧಾನೂ ಮುಗೀತೈತಿ. ಬಟ್ಟಿ ಹ್ಯಾಂಗೈತಿ?"

ಬಾದಶಹಾ ಬಾಯಿ ತೆರೆದ. ಮೂರು ವರ್ಷದಿಂದ ಅಕ್ಕ ಆ ಪ್ರಬಂಧ ಮುಗಿಯಲಿ ಎಂದು ಹರಕೆ ಹೊರುತ್ತಿರುವುದು ನೆನಪಾಯಿತು.

"ಭಾಳ... ಭಾಳ ಚಲೋ ಐತಿ," ಅಂದ.

ಇತ್ತ ಮನೆಯಲ್ಲಿ ರುಕ್ಮವ್ವ ಖಾಲಿ ಚರಿಗೆ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಸೈರಾಬಾನುವಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅಕ್ಕಾ, ಹಾಲಿನ ಬದಲಿಗೆ ಏನು ಕೊಡ್ಲಿ ಹೇಳು."

"ಏನು ಬ್ಯಾಡವಾ. ಹುಳಿಗೆ ಹಾಸೋ ಧೋತರ ಹರದೈತಿ. ಒಂದು ಹತ್ತಿ ಅರಿವಿ ಇದ್ರ ಕೊಡು."

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಚಳಿಗಾಲದಲ್ಲಿ ಕಡಲೆ ಗಿಡದ ಎಲೆಯ ಮೇಲೆ ಹುಳಿ ಬೆವರುತ್ತದೆ. ಸಂಜೆ ಹೊಲದಲ್ಲಿ ಹತ್ತಿಯ ಬಟ್ಟೆ ಹಾಸಿ ಬಂದರೆ ಇಬ್ಬನಿಯ ಜೊತೆ ಆ ಹುಳಿಯೆಲ್ಲ ಬಟ್ಟೆಗೆ ಇಳಿಯುತ್ತದೆ. ಬೆಳಿಗ್ಗೆ ಹಿಂಡಿ ಶೀಶೆಗೆ ತುಂಬುವುದು. ವರ್ಷವೆಲ್ಲ ಊರಿನ ಹೊಟ್ಟೆನೋವಿಗೆ ಅದೇ ಔಷಧ. ರುಕ್ಮವ್ವನ ಕಡಲೆ ಹುಳಿ ಸೋನ್ಯಾಳದ ತನಕ ಹೆಸರುವಾಸಿ.

ಸೈರಾಬಾನು ಒಳಗೆ ಹೋಗಿ, ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ನೀಲಿ ಬಟ್ಟೆಯನ್ನು ತಂದು ಉಡಿಗೆ ಹಾಕಿದಳು.

"ಇದನ್ನ ಒಯ್ಯಿ. ನನ್ನ ಕಣ್ಣ ಮುಂದ ಇರೂದ ಬ್ಯಾಡ."

"ಕರೆಂಟ ಇಲ್ಲಲ್ಲವಾ?"

"ಪಂಚನಾಮಾ ಆಗೇತಲ್ಲಕ್ಕ!"

ಬಾದಶಹಾ ಜತ್ತದಿಂದ ಬಂದು ಯಾರ ಜೊತೆಯೂ ಮಾತಾಡದೆ ಮುಸುಕು ಹಾಕಿ ಮಲಗಿದ.

ಶುಕ್ರವಾರ ಎಂಟು ಗಂಟೆಗೆ ಜೀಪು ಬಂತು. ಸಲೀಮನ ಹಿಂದೆ ಇಳಿದವರು ನಲವತ್ತೈದರ ಆಸುಪಾಸಿನ, ಕಾಟನ್ ಸೀರೆಯ, ಹಣೆಗೆ ವಿಭೂತಿಯ ಸಣ್ಣ ಗೆರೆಯಿದ್ದ ಹೆಂಗಸು. ಹೆಸರು ವಿದ್ಯಾವತಿ. ಊರು ಸೂಟು ಬೂಟಿನ ಸಾಹೇಬರನ್ನು ಎದುರು ನೋಡಿತ್ತು.

"ನಮಸ್ಕಾರ್ರೀ ಬಾದಶಹಾ ಅವರ. ಎಲ್ಲೈತಿ ಬಟ್ಟಿ?"

ಬಾದಶಹಾ ಮೂಲೆ ನೋಡಿದ. ಟ್ರಂಕು ತೆರೆದ. ಹಂಡೆಯಲ್ಲಿ ಬಗ್ಗಿ ನೋಡಿದ.

"ಸೈರಾ, ಬಟ್ಟಿ?"

"ರುಕ್ಮವ್ವಕ್ಕಗ ಕೊಟ್ಟೆ. ಕಡ್ಲಿ ಹೊಲದಾಗ ಹಾಸ್ಯಾಳ."

ಬಾದಶಹಾ ಹೊಸ್ತಿಲ ಮೇಲೆ ಕೂತುಬಿಟ್ಟ. ಸಲೀಮನ ಮುಖ ಬಿಳಿಚಿತು. ಆದರೆ ಮೇಡಮ್ಮರು ಸೈರಾಬಾನುವನ್ನು ಒಮ್ಮೆ ಸೂಕ್ಷ್ಮವಾಗಿ ನೋಡಿ, "ಹುಳಿಗೇನ್ರಿ?" ಅಂದರು. ಹೂಂ ಅಂದ ಕೂಡಲೇ, "ನಡೀರಿ, ನಡೀರಿ ಲಗೂನ," ಎಂದು ತಾವೇ ಮೊದಲು ಜೀಪು ಹತ್ತಿದರು. ಜೀಪಿನ ಹಿಂದೆ ಸೈಕಲ್ಲು, ಸೈಕಲ್ಲಿನ ಹಿಂದೆ ಊರು.

ಹೊಲದಲ್ಲಿ ರುಕ್ಮವ್ವ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು.

"ನೋಡ್ರಿ ಇದರ ಮಾಟಾ! ಸಂಜಿಕ ನೀಲಿ ಹಾಸಿ ಹೋಗೀನಿ, ಮುಂಜಾನೆ ಹಸರ ಆಗಿ ಕುಂತೈತಿ! ಓತಿಕ್ಯಾತನ ಚರಮಾ ಕೊಟ್ಟೀಯೇನ ಸೈರಾ?"

ಕಡಲೆ ಗಿಡಗಳ ಮೇಲೆ ನಾಲ್ಕು ಮೀಟರು ಬಟ್ಟೆ ಇಬ್ಬನಿಯಲ್ಲಿ ತೊಯ್ದು, ಜೋಳದ ಎಲೆಯ ಹಸಿರಿನಲ್ಲಿ ಮಲಗಿತ್ತು. ಬಾದಶಹಾ ಅದರ ಅಂಚನ್ನು ಹಿಡಿದು ನೋಡಿದ. ತನ್ನದೇ ಬಟ್ಟೆ. ಅವನ ಕಣ್ಣು ತುಂಬಿತು.

ರುಕ್ಮವ್ವ ಬೆರಳಿಗೆ ಹನಿ ತಾಗಿಸಿ ಬಾಯಿಗಿಡಲು ಹೋದಳು. ಮೇಡಮ್ಮರು ಕೈ ಹಿಡಿದುಕೊಂಡರು. "ಬ್ಯಾಡವಾ ತಾಯಿ, ಈ ಹುಳಿ ಕುಡಿಯೂ ಹಂಗಿಲ್ಲ. ಚೆಲ್ಲಬೇಕು."

"ನನ್ನ ಹುಳಿ!" ಅಂದಳು ರುಕ್ಮವ್ವ.

ಸಲೀಮ ಚೀಲದಿಂದ ಇನ್ನೊಂದು ಬ್ಯಾಟರಿ, ದೀಪ ತೆಗೆದು ಹಚ್ಚಿದ. ದೀಪ ಹತ್ತಿತು. ಜನ ಹೋ ಎಂದು ಕೂಗಿದರು. ಬಾದಶಹಾ ಎದೆ ಸೆಟೆಸಿ ಒಂದು ಹೆಜ್ಜೆ ಮುಂದೆ ಬಂದ.

"ತಡೀರಿ," ಅಂದರು ಮೇಡಮ್ಮರು. "ಹಸಿ ಟಾವೆಲ್ಲಿಗೆ ಹಚ್ಚಿದ್ರೂ ಹತ್ತತೈತಿ. ಒಣಗಲಿ."

ಬಾದಶಹಾ ಒಂದು ಹೆಜ್ಜೆ ಹಿಂದೆ ಹೋದ.

ಬಟ್ಟೆಯನ್ನು ಎತ್ತಿ ಬದುವಿನ ಜಾಲಿ ಗಿಡಕ್ಕೆ ಹರವಿದರು. ಇಡೀ ವಳಸಂಗ ಹೊಲದಲ್ಲಿ ಕೂತು ಒಂದು ಬಟ್ಟೆ ಒಣಗುವುದನ್ನು ನೋಡತೊಡಗಿತು. ಅಣ್ಣಾರಾಯರಿಗೆ ಕುರ್ಚಿ ಬಂತು. ಸುಮ್ಮನೆ ಕೂತ ಕೈ ಏನು ಮಾಡುತ್ತದೆ? ಪಕ್ಕದ ಗಿಡ ಕೀಳುತ್ತದೆ. ಹಸಿ ಕಡಲೆಯ ಸೊಪ್ಪು, ಕಾಯಿ, ಎಲ್ಲರ ಬಾಯಲ್ಲೂ ಕರಕರ.

"ಬಟ್ಟಿ ಒಣಗೂದರಾಗ ನನ್ನ ಹೊಲಾ ಖಾಲಿ ಆಗ್ತೈತ್ರೋ!" ಎಂದು ಸೋಮನಿಂಗಪ್ಪ ಒಬ್ಬೊಬ್ಬರ ಕೈಯಿಂದ ಗಿಡ ಕಸಿದುಕೊಳ್ಳುತ್ತ ಓಡಾಡಿದ. ಒಂದು ಕಡೆ ಕಸಿಯುವಷ್ಟರಲ್ಲಿ ಇನ್ನೊಂದು ಕಡೆ ನಾಲ್ಕು ಗಿಡ ಹೋಗುತ್ತಿದ್ದವು.

ಬಿಸಿಲು ಏರಿತು. ಮೇಡಮ್ಮರು ಬಟ್ಟೆ ಮುಟ್ಟಿ ನೋಡಿ, ಚೀಲದಿಂದ ಅಳತೆಯ ಯಂತ್ರ ತೆಗೆದರು. ಮೊದಲು ದೀಪ. ಯಾರೂ ಅಗಿಯುತ್ತಿರಲಿಲ್ಲ. ಬಾದಶಹಾ ಕಣ್ಣು ಮುಚ್ಚಿಕೊಂಡ.

"ಹತ್ತೇತಿ ಮಾಮೂ," ಅಂದ ಸಲೀಮ ಮೆಲ್ಲಗೆ.

ಮೇಡಮ್ಮರು ಬಟ್ಟೆಯ ಈ ತುದಿಯಿಂದ ಆ ತುದಿಗೆ ಹತ್ತು ಕಡೆ ಯಂತ್ರ ಒತ್ತಿ ನೋಡಿದರು. "ಎಲ್ಲಾ ಕಡೆ ಒಂದ ಸಮ," ಅಂದರು. ತಿರುಗಿ ಬಾದಶಹಾನತ್ತ ನೋಡಿದರು. "ಏನು ಮಾಡೀರಿ ಇದಕ್ಕ? ನಮ್ಮ ಕಡೆಯಿಂದ ಆಗವಲ್ದು."

ಇಡೀ ಊರು ಕಿವಿಗೊಟ್ಟಿತ್ತು. ಬಾದಶಹಾ ಸೈರಾಬಾನುವಿನ ಮುಖ ನೋಡಿದ, ಸಲೀಮನ ಮುಖ ನೋಡಿದ. ಹೇಳಲು ಎಷ್ಟೊಂದು ಇತ್ತು. ಆದರೆ ನಾಲಿಗೆಗೆ ಬಂದದ್ದು ಬೇರೆ.

"ಕೆಡಿಸಿದ್ದೆ ಮೇಡಮ್ಮರ. ಬಣ್ಣ ಕಚ್ಚಾ ಅಂದ್ರಂತ ಸಿಟ್ಟಿಗೆದ್ದು ಸೋಡಾ ಹಾಕಿ ಕುದಿಸಿದ್ನಿ. ನೀಲಿ ಆತು, ಸತ್ತ ಹೋತು. ಸಲೀಮಗ ಫೋನಿನ್ಯಾಗ ಸುಳ್ಳ ಹೇಳಿದ್ನಿ. ಚಲೋ ಆಗಿದ್ರ ಅದು ರುಕ್ಮವ್ವಕ್ಕನ ಹೊಲದಿಂದ. ನಂದೇನೂ ಇಲ್ಲ."

ಯಾರೂ ನಗಲಿಲ್ಲ. ನಕ್ಕವರು ಮೇಡಮ್ಮರೊಬ್ಬರೇ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಸೋಡಾಕ್ಕ ಸಾಯತೈತಿ, ಹುಳಿಗೆ ಏಳತೈತಿ. ಅದು ಈ ಬಟ್ಟಿ ಗುಣಾ, ನಮಗ ಗೊತ್ತಿದ್ದದ್ದ. ನಾವು ಆ್ಯಸಿಡ್ಡಿನ್ಯಾಗ ಅದ್ದತೀವಿ, ನೀವು ಹೊಲದಾಗ ಹಾಸೀರಿ. ನಮ್ಮ ಅಜ್ಜೀನೂ ಹಿಂಗ ಹಾಸತಿದ್ಲು. ನಾ ಕೇಳಿದ್ದು ಅದಲ್ಲ. ಬಣ್ಣ ಹಾಕೂಕಿಂತ ಮೊದಲ ಬಟ್ಟಿಗೆ ಏನು ಮಾಡಿದ್ರಿ?"

"ಮೊದಲ? ಏನೈತ್ರಿ ಅದರಾಗ. ಮಗ್ಗದ ಬಟ್ಟಿಗೆ ಗಂಜಿ ಇರ್ತೈತಿ, ಎಣ್ಣಿ ಇರ್ತೈತಿ. ಹಂಡ್ಯಾಗ ಸೋಡಾ ಹಾಕಿ ಎರಡು ತಾಸು ಕುದಿಸಿ ತಗದ್ನಿ. ಗಂಜಿ ತಗೀದ ಬಣ್ಣಾ ಯಾರರೆ ಹಾಕ್ತಾರೇನ್ರಿ? ಎಳಿಗೆ ಹ್ಯಾಂಗ ಹಿಡೀಬೇಕು?"

ಮೇಡಮ್ಮರು ಸಲೀಮನ ಕಡೆಗೆ ತಿರುಗಿದರು. ಸಲೀಮ ನೆಲ ನೋಡಿದ.

"ನಾವು ಅಂಗಡಿಯಿಂದ ತಂದು ಬರೇ ನೀರಾಗ ಅದ್ದಿ ತಗೀತಿದ್ವಿ ಮೇಡಮ್."

"ಮೂರು ವರ್ಷ?"

"ಮೂರು ವರ್ಷ."

ಅಲ್ಲಿಗೆ ಇತ್ಯರ್ಥವಾಯಿತು. ಹಬ್ಬ ಮುಗಿದ ಕೂಡಲೇ ಇಪ್ಪತ್ತು ಬಟ್ಟೆ, ಎರಡು ವರ್ಷದ ಕೆಲಸ, ಗಂಜಿ ತೆಗೆಯುವುದರಿಂದ ಹಿಡಿದು ಒಣಗಿಸುವ ತನಕ ಬಾದಶಹಾನ ಹಂಡೆ, ಬಾದಶಹಾನ ಕೈ. ರುಕ್ಮವ್ವನಿಗೆ ಸೈರಾಬಾನು ಹೊಸ ಬಿಳಿ ಧೋತರ ಕೊಡುವುದೆಂದಾಯಿತು. ಅದಕ್ಕೆ ಬಾದಶಹಾ ಕೈ ಹಚ್ಚಬಾರದು ಎಂಬ ಕರಾರಿನ ಮೇಲೆ. ಸಿಮೆಂಟಿನ ಮಾತು ಯಾರೂ ಎತ್ತಲಿಲ್ಲ. ಜೀಪಿನಲ್ಲಿ ಮರಳುವಾಗ ಸೈರಾಬಾನು ಗಂಡನ ಪಕ್ಕ ಕೂತು, ಅವನ ತೋಳಿಗಂಟಿದ್ದ ಕಡಲೆ ಸೊಪ್ಪನ್ನು ತೆಗೆಯುತ್ತ, "ಎಲ್ಲಾರ ಮುಂದ ಖರೆ ಹೇಳಿದ್ರಿ," ಅಂದಳು. ಅವಳಿಗೆ ಹೆಮ್ಮೆಯಾಗಿತ್ತು.

ಮನೆ ಮುಂದೆ ಒಂದು ಟೆಂಪೋ ನಿಂತಿತ್ತು. ಸೊರಡಿಯ ದುಂಡಪ್ಪ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು, ಹಂಡೆಯ ಕಂಠಕ್ಕೆ ಹಗ್ಗ ಬಿಗಿಸಿ, ಅರ್ಧ ವಾಲಿಸಿಯೂ ಆಗಿತ್ತು. ಬಾದಶಹಾನ ಜೀವ ಬಾಯಿಗೆ ಬಂತು. ಅವನು ಜೀಪಿನಿಂದ ಕಾಲು ಕೆಳಗಿಡುವಷ್ಟರಲ್ಲಿ ಸೈರಾಬಾನು ಅಂಗಳದಲ್ಲಿದ್ದಳು.

"ಮುಟ್ಟಬ್ಯಾಡ್ರಿ!"

"ಯಾಕ ಸೈರಾಬಾಯಿ?" ಅಂದ ದುಂಡಪ್ಪ. "ನೀವ ಕರಸೀರಲ್ಲ?"

"ಕರಸಿದ್ದೆ. ಆವಾಗ ಅದು ಬರೇ ಹಂಡೆ ಇತ್ತು. ಈಗ ಅದರಾಗ ಕರೆಂಟ ಕೂತೈತಿ. ಇಡೀ ಜತ್ತ ತಾಲೂಕಿಗೆ ಎಂಟು ದಿನ ಸಾಲುವಷ್ಟು! ಇದರಾಗಿಂದ ಎರಡು ಚರಿಗಿ ನೀರು ಗಟಾರಕ್ಕ ಹೋಗಿದ್ದಕ್ಕ ಎಮ್ಮಿ ಆಕಾಶಕ್ಕ ಹಾರಿ ಬಿದ್ದೈತಿ, ಪಂಚನಾಮಾ ಆಗೇತಿ. ಬೇಕಾದ್ರ ಸರಪಂಚರನ್ನ ಕೇಳ್ರಿ."

ಆಳುಗಳು ಹಗ್ಗ ಬಿಟ್ಟು ಎರಡು ಮಾರು ಹಿಂದೆ ಜಿಗಿದರು. ಹಂಡೆ ಢಣ್ಣನೆ ತನ್ನ ಜಾಗದಲ್ಲಿ ಕೂತಿತು. ದುಂಡಪ್ಪ ತನ್ನ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡ.

ಬಾದಶಹಾನಿಗೆ ಪಾಪ ಅನಿಸಿತು. ಹೊಲದಲ್ಲಿ ಸತ್ಯ ನುಡಿದ ರುಚಿ ಇನ್ನೂ ನಾಲಿಗೆಯ ಮೇಲಿತ್ತು.

"ಹಂಗಲ್ಲ ದುಂಡಪ್ಪ," ಅಂದ. "ಹಂಡ್ಯಾಗ ಕರೆಂಟ ಇರೂದಿಲ್ಲ. ಬಟ್ಟ್ಯಾಗೂ ಇರೂದಿಲ್ಲ. ಬಟ್ಟಿ ಬರೇ ಅದಕ್ಕ ಹಾದಿ ಕೊಡ್ತೈತಿ, ಅಷ್ಟ. ಎಮ್ಮಿ ಮೊದಲಿಂದೂ ಒದಿಯೂದ..."

ಸೈರಾಬಾನು ಗರಕ್ಕನೆ ತಿರುಗಿದಳು.

"ಶಬನಮನ ಅಬ್ಬಾ! ಮೂವತ್ತು ವರ್ಷ ಸುಳ್ಳ ಹೇಳಿ ನನ್ನ ತಲಿ ತಿಂದ್ರಿ. ಬೇಕಾದ ದಿನ ಖರೆ ಹೇಳಾಕ ನಿಂತೀರೇನು? ಸುಮ್ನ ಹೋಗಿ ಒಲಿ ಹಚ್ಚರಿ!"

ಬಾದಶಹಾ ಬಾಯಿ ಮುಚ್ಚಿಕೊಂಡು ಹೋಗಿ ಒಲೆ ಹಚ್ಚಿದ.